ಮೊದಲ ಪೆಟ್ಟಿಗೇ ಸಾಯಬೇಕಾದ ಹೊಟ್ಟೆಯ ಬ್ಯಾಕ್ಟೀರಿಯಾ

ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುವುದು, ಉಂಡದ್ದು ಗಂಟೆಗಟ್ಟಲೆ ಕರಗದೆ ಕುಳಿತಂತಿರುವುದು, ಎದೆಗೂಡಿನ ಕೆಳಗೆ ಉರಿ ಅಥವಾ ನೋವು, ತೇಗು, ಉಬ್ಬರ. ನಮ್ಮಲ್ಲಿ ಇಷ್ಟನ್ನೂ ಸೇರಿಸಿ ಗ್ಯಾಸ್ಟ್ರಿಕ್ ಎಂದುಬಿಡುತ್ತೇವೆ. ಬಹಳ ಜನ ವೈದ್ಯರ ಬಳಿ ಹೋಗುವುದೂ ಇಲ್ಲ. ಮೆಡಿಕಲ್ ಶಾಪಿನಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಒಂದು ಸ್ಟ್ರಿಪ್ ಕೊಂಡು, ಬೆಳಿಗ್ಗೆ ಒಂದರಂತೆ ತಿಂಗಳುಗಟ್ಟಲೆ ನುಂಗುತ್ತಾರೆ. ನುಂಗುವಷ್ಟು ದಿನ ಉರಿ ತಗ್ಗಿರುತ್ತದೆ, ಬಿಟ್ಟರೆ ಮರಳುತ್ತದೆ. ಹೀಗೆ ಮರಳಿ ಮರಳಿ ಬರುವ ಅಜೀರ್ಣಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಜಠರದ ಒಳಗೋಡೆಗೆ ಅಂಟಿಕೊಂಡು ಬದುಕುವ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಂಟಿಬಯಾಟಿಕ್ ಕೊಟ್ಟು ಅದನ್ನು ಬುಡಸಮೇತ ತೆಗೆಯಬಹುದು. ತೊಡಕು ಏನೆಂದರೆ, ಅದಕ್ಕಾಗಿ ಮೂರು ದಶಕಗಳಿಂದ ಬಳಸುತ್ತಿರುವ ಔಷಧಗಳಲ್ಲಿ ಕೆಲವಕ್ಕೆ ಅದು ಈಗ ಜಗ್ಗುತ್ತಿಲ್ಲ. ಒಮ್ಮೆ ಚಿಕಿತ್ಸೆ ಸೋತರೆ ಮುಂದಿನ ಚಿಕಿತ್ಸೆ ಇನ್ನಷ್ಟು ಕಷ್ಟ. ಹಾಗಾಗಿ ಈ ಸೋಂಕಿಗೆ ಕೊಡುವ ಮೊದಲ ಪೆಟ್ಟೇ ಕೊನೆಯ ಪೆಟ್ಟೂ ಆಗಬೇಕು. ಅದಕ್ಕೆ ರೋಗಿಯೂ ವೈದ್ಯರೂ ಚಿಕಿತ್ಸೆಗೆ ಮುನ್ನ ಸೋಂಕು ಇದೆಯೇ ಎಂದೂ, ಚಿಕಿತ್ಸೆ ಮುಗಿದ ಮೇಲೆ ಅದು ಹೋಯಿತೇ ಎಂದೂ ಪರೀಕ್ಷೆ ಮಾಡಿಯೇ ತಿಳಿಯಬೇಕು. ಊಹೆಯ ಮೇಲೆ ಔಷಧ ಕೊಡುವ ಕಾಲ ಮುಗಿದಿದೆ.

ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಉಳಿಯಲಾರದು ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ಸುರುಳಿಯಾಕಾರದ ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಈಸ್ಟರ್ ರಜೆಯ ಕಾರಣ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಹಾಗೆಯೇ ಉಳಿದದ್ದರಿಂದ, ನಿಧಾನವಾಗಿ ಬೆಳೆಯುವ ಈ ಬ್ಯಾಕ್ಟೀರಿಯಾ ಕಣ್ಣಿಗೆ ಬಿತ್ತು. ಇದೇ ಜಠರದ ಉರಿಯೂತಕ್ಕೆ ಕಾರಣವೆಂದು ಸಾಧಿಸಲು 1984ರಲ್ಲಿ ಮಾರ್ಷಲ್ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮ್ಲದಲ್ಲಿ ಅದು ಬದುಕುವ ಉಪಾಯ ಅದರ ಯೂರಿಯೇಸ್ ಎಂಬ ಕಿಣ್ವದಲ್ಲಿದೆ. ಈ ಕಿಣ್ವ ಜಠರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿಸುತ್ತದೆ. ಬ್ಯಾಕ್ಟೀರಿಯಾದ ಸುತ್ತಲಿನ ಆಮ್ಲವನ್ನು ಅಮೋನಿಯಾ ತಟಸ್ಥಗೊಳಿಸುತ್ತದೆ. ಅಷ್ಟು ಹೊತ್ತಿಗೆ ಅದು ತನ್ನ ಬಾಲದಂಥ ಎಳೆಗಳಿಂದ ಈಜಿ ಲೋಳೆಯ ಪದರದೊಳಗೆ ಸೇರಿಕೊಳ್ಳುತ್ತದೆ. ಇದನ್ನು ಪತ್ತೆಮಾಡುವ ಪರೀಕ್ಷೆಗಳಲ್ಲಿ ಕೆಲವು ಈ ಕಿಣ್ವವನ್ನೇ ಹುಡುಕುತ್ತವೆ. ಇದನ್ನು ಕೊಲ್ಲುವುದು ಕಷ್ಟವಾಗಿರುವುದೂ ಅದು ಅಡಗಿರುವ ಜಾಗದಿಂದಲೇ.

ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲೇ, ಮನೆಯವರಿಂದಲೋ ಕೊಳಕು ನೀರು, ಅಸ್ವಚ್ಛ ಆಹಾರದಿಂದಲೋ ತಗಲುತ್ತದೆ. ಚಿಕಿತ್ಸೆ ಕೊಡದಿದ್ದರೆ ಹೆಚ್ಚಿನವರಲ್ಲಿ ಜೀವನಪೂರ್ತಿ ಉಳಿಯುತ್ತದೆ. ಭಾರತದಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಇದೆ ಎಂದು ಅನೇಕ ಅಧ್ಯಯನಗಳು ಹೇಳುತ್ತವೆ. ಸೋಂಕಿರುವ ಎಲ್ಲರ ಜಠರದಲ್ಲೂ ಒಂದಿಷ್ಟು ಉರಿಯೂತ ಇದ್ದೇ ಇರುತ್ತದೆ, ಆದರೆ ಬಹುಪಾಲು ಜನರಿಗೆ ಅದರ ಅರಿವೇ ಆಗುವುದಿಲ್ಲ. ಕೆಲವರಿಗೆ ಅಜೀರ್ಣದ ಲಕ್ಷಣಗಳು ಕಾಣುತ್ತವೆ. ಹತ್ತರಲ್ಲಿ ಸುಮಾರು ಒಬ್ಬರಿಗೆ ಜಠರದಲ್ಲೋ ಸಣ್ಣಕರುಳಿನ ಮೊದಲ ಭಾಗದಲ್ಲೋ ಹುಣ್ಣಾಗುತ್ತದೆ. ನೂರರಲ್ಲಿ ಒಬ್ಬರಿಂದ ಮೂವರಿಗೆ ಮುಂದೆ ಜಠರದ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1994ರಲ್ಲೇ ಇದನ್ನು ನಿಶ್ಚಿತವಾಗಿ ಕ್ಯಾನ್ಸರ್ ತರುವ ಅಂಶಗಳ ಪಟ್ಟಿಗೆ ಸೇರಿಸಿದೆ. ಆಮ್ಲ ತಗ್ಗಿಸುವ ಮಾತ್ರೆ ಇವುಗಳಲ್ಲಿ ಯಾವುದನ್ನೂ ಬುಡದಲ್ಲಿ ತಡೆಯದು. ಅದು ಉರಿಯನ್ನು ತಣಿಸುತ್ತದೆ, ಸೋಂಕು ಒಳಗೆ ಹಾಗೆಯೇ ಇರುತ್ತದೆ.

ಔಷಧ ಸೋಲುವುದು ಹೇಗೆ

ಬ್ಯಾಕ್ಟೀರಿಯಾದಿಂದ ಬಂದ ಗಂಟಲು ನೋವಿಗೋ ಮೂತ್ರದ ಸೋಂಕಿಗೋ ಒಂದು ಆಂಟಿಬಯಾಟಿಕ್ ಸಾಕಾಗುತ್ತದೆ. ಪೈಲೋರಿಗೆ ಒಂದು ಎಂದೂ ಸಾಕಾಗಿಲ್ಲ. ಲೋಳೆಯ ಪದರ ಔಷಧವನ್ನು ತಡೆಯುತ್ತದೆ. ಜಠರದ ಆಮ್ಲ ಕೆಲವು ಔಷಧಗಳನ್ನು ಕೆಡಿಸುತ್ತದೆ. ಆಮ್ಲ ಹೆಚ್ಚಿರುವಾಗ ಬ್ಯಾಕ್ಟೀರಿಯಾ ವಿಭಜನೆಯನ್ನೇ ನಿಲ್ಲಿಸಿ ಸುಮ್ಮನಿರುತ್ತದೆ. ಅಮಾಕ್ಸಿಸಿಲಿನ್‌ನಂಥ ಔಷಧ ಕೊಲ್ಲುವುದು ವಿಭಜನೆಯಾಗುತ್ತಿರುವ ಬ್ಯಾಕ್ಟೀರಿಯಾವನ್ನು ಮಾತ್ರ. ಹೀಗಾಗಿ ಆಮ್ಲವನ್ನು ಬಲವಾಗಿ ತಗ್ಗಿಸುವ ಮಾತ್ರೆ ದಿನಕ್ಕೆ ಎರಡು ಬಾರಿ, ಅದರ ಜೊತೆಗೆ ಎರಡು ಆಂಟಿಬಯಾಟಿಕ್ ಕೊಡುವ ತ್ರಿವಳಿ ಚಿಕಿತ್ಸೆ 1990ರ ದಶಕದಲ್ಲಿ ರೂಢಿಗೆ ಬಂತು. ಅದರಲ್ಲಿ ಮುಖ್ಯ ಆಯುಧ ಕ್ಲಾರಿಥ್ರೊಮೈಸಿನ್, ಜೊತೆಗೆ ಅಮಾಕ್ಸಿಸಿಲಿನ್ ಅಥವಾ ಮೆಟ್ರೊನಿಡಜೋಲ್. ಮೊದಲು ಹತ್ತರಲ್ಲಿ ಒಂಬತ್ತು ಜನ ಗುಣವಾಗುತ್ತಿದ್ದರು. ಅದೇ ಚಿಕಿತ್ಸೆಯನ್ನು ಈಗ ಕಣ್ಣುಮುಚ್ಚಿ ಕೊಡಬೇಡಿ ಎಂದು ತಜ್ಞರ ಮಾರ್ಗಸೂಚಿಗಳೇ ಹೇಳುತ್ತಿವೆ. ಮಾತ್ರೆ ಬದಲಾಗಿಲ್ಲ, ಬದಲಾಗಿರುವುದು ಬ್ಯಾಕ್ಟೀರಿಯಾ.

ಆ ಬದಲಾವಣೆ ಎಷ್ಟು ಸಣ್ಣದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಕ್ಟೀರಿಯಾ ತನ್ನ ಪ್ರೋಟೀನುಗಳನ್ನು ರೈಬೋಸೋಮ್ ಎಂಬ ಕಣದಲ್ಲಿ ತಯಾರಿಸುತ್ತದೆ. ಕ್ಲಾರಿಥ್ರೊಮೈಸಿನ್ ಆ ರೈಬೋಸೋಮಿನ ಒಂದು ನಿರ್ದಿಷ್ಟ ಜಾಗದಲ್ಲಿ ಕುಳಿತು ತಯಾರಿಕೆಯನ್ನು ನಿಲ್ಲಿಸುತ್ತದೆ. ಆ ಜಾಗವನ್ನು ರೂಪಿಸುವ ಆರ್‌ಎನ್‌ಎಯಲ್ಲಿ 2143ನೆಯ ಸ್ಥಾನದ ಎ ಅಕ್ಷರ ಜಿ ಆಗಿ ಬದಲಾದರೆ ಸಾಕು, ಔಷಧಕ್ಕೆ ಕೂರಲು ನೆಲೆ ಸಿಗುವುದಿಲ್ಲ. ಕೋಟ್ಯಂತರ ಬ್ಯಾಕ್ಟೀರಿಯಾ ವಿಭಜನೆಯಾಗುವಾಗ ಇಂಥ ತಪ್ಪು ತಾನಾಗಿ ಆಗುತ್ತಲೇ ಇರುತ್ತದೆ. ಔಷಧ ಇಲ್ಲದಿದ್ದಾಗ ಅದರಿಂದ ಬ್ಯಾಕ್ಟೀರಿಯಾಕ್ಕೆ ಲಾಭವಿಲ್ಲ. ಔಷಧ ಬಂದಾಗ ಉಳಿದವೆಲ್ಲ ಸತ್ತು, ಆ ಬದಲಾವಣೆ ಇರುವವು ಮಾತ್ರ ಉಳಿದು ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ಅರ್ಧಕ್ಕೆ ಬಿಟ್ಟ ಚಿಕಿತ್ಸೆ, ಕಡಿಮೆ ದಿನದ ಚಿಕಿತ್ಸೆ, ತಪ್ಪು ಔಷಧದ ಚಿಕಿತ್ಸೆ, ಮೂರರ ಫಲವೂ ಒಂದೇ: ಗರಿಕೆಯ ತುದಿ ಕತ್ತರಿಸಿ ಬೇರು ಬಿಟ್ಟ ಹಾಗೆ. ಮತ್ತೆ ಬೆಳೆದದ್ದು ಅದೇ ಔಷಧಕ್ಕೆ ಸಾಯುವುದಿಲ್ಲ. ಕ್ಲಾರಿಥ್ರೊಮೈಸಿನ್ ಇರುವ ಚಿಕಿತ್ಸೆ ಒಮ್ಮೆ ಸೋತರೆ ಎರಡನೆಯ ಬಾರಿ ಅದನ್ನು ಬಳಸಬಾರದು ಎಂಬ ನಿಯಮ ಬಂದದ್ದು ಇದರಿಂದ.

ಎಲ್ಲ ನಿರೋಧಕತೆಯೂ ಒಂದೇ ತೂಕದ್ದಲ್ಲ ಎಂಬುದೂ ಇಲ್ಲಿ ಮುಖ್ಯ. ಕ್ಲಾರಿಥ್ರೊಮೈಸಿನ್‌ಗೆ ನಿರೋಧಕತೆ ಬಂದಿದ್ದರೆ ಪ್ರಮಾಣ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಇದೇ ಸೋಂಕಿಗೆ ಬಳಸುವ ಇನ್ನೊಂದು ಆಂಟಿಬಯಾಟಿಕ್ ಲೆವೊಫ್ಲಾಕ್ಸಾಸಿನ್‌ನ ಕಥೆಯೂ ಅದೇ. ಅದು ಹಿಡಿಯಬೇಕಾದ ಜೈರೇಸ್ ಎಂಬ ಕಿಣ್ವದ ರೂಪ ಬದಲಾದರೆ ಔಷಧ ವ್ಯರ್ಥ. ಮೆಟ್ರೊನಿಡಜೋಲ್ ಸ್ವಲ್ಪ ಬೇರೆ. ಅದು ಬ್ಯಾಕ್ಟೀರಿಯಾದ ಒಳಗೆ ಹೋದ ಮೇಲೆ ಅಲ್ಲಿನ ಕಿಣ್ವಗಳಿಂದಲೇ ವಿಷವಾಗಿ ಮಾರ್ಪಡಬೇಕು. ಆ ಕಿಣ್ವ ಕೆಟ್ಟಿದ್ದರೆ ಔಷಧ ಸುಮ್ಮನಾಗುತ್ತದೆ. ಆದರೂ ಪ್ರಮಾಣ ಮತ್ತು ದಿನ ಹೆಚ್ಚಿಸಿ, ಬಿಸ್ಮತ್ ಎಂಬ ಔಷಧದ ಜೊತೆ ಕೊಟ್ಟಾಗ, ಪ್ರಯೋಗಾಲಯ ನಿರೋಧಕ ಎಂದು ತೋರಿಸಿದ ಸೋಂಕೂ ಅನೇಕರಲ್ಲಿ ಗುಣವಾಗುತ್ತದೆ. ಅಮಾಕ್ಸಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್‌ಗೆ ನಿರೋಧಕತೆ ಜಗತ್ತಿನ ಬಹುತೇಕ ಕಡೆ ಇಂದಿಗೂ ಕಡಿಮೆ. ಬಿಸ್ಮತ್‌ಗಂತೂ ನಿರೋಧಕತೆ ಬೆಳೆಯುವುದೇ ಕಾಣುವುದಿಲ್ಲ. ಒಳ್ಳೆಯ ಚಿಕಿತ್ಸೆಯ ಆಯ್ಕೆ ಈ ವ್ಯತ್ಯಾಸದ ಮೇಲೆ ನಿಂತಿದೆ.

ಅಂಕಿಅಂಶ ಹೇಳುವುದೇನು

2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ ಹಲವು ನಗರಗಳ ರೋಗಿಗಳಿಂದ ತೆಗೆದ 259 ಪೈಲೋರಿ ತಳಿಗಳನ್ನು ಪರೀಕ್ಷಿಸಲಾಗಿತ್ತು. ಅವುಗಳಲ್ಲಿ ಶೇ. 77.9 ಮೆಟ್ರೊನಿಡಜೋಲ್‌ಗೆ, ಶೇ. 44.7 ಕ್ಲಾರಿಥ್ರೊಮೈಸಿನ್‌ಗೆ ಜಗ್ಗಲಿಲ್ಲ. ಊರಿನಿಂದ ಊರಿಗೆ ಈ ಪ್ರಮಾಣ ಬದಲಾಗುತ್ತಿತ್ತು. ಕರ್ನಾಟಕದ ರೋಗಿಗಳ ಬಗ್ಗೆಯೇ ಮಣಿಪಾಲದ ಸಂಶೋಧಕರು ಪರ್ತ್‌ನ ವಿಜ್ಞಾನಿಗಳ ಜೊತೆ ಸೇರಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೆಟ್ರೊನಿಡಜೋಲ್ ಮತ್ತು ಲೆವೊಫ್ಲಾಕ್ಸಾಸಿನ್‌ಗೆ ಹೆಚ್ಚಿನ ನಿರೋಧಕತೆ, ಕ್ಲಾರಿಥ್ರೊಮೈಸಿನ್‌ಗೆ ಮಧ್ಯಮ ಮಟ್ಟದ್ದು ಎಂಬುದು ಅವರ ತೀರ್ಮಾನ. ಅವರು ಅಳೆದದ್ದು ಪ್ರಾಥಮಿಕ ನಿರೋಧಕತೆ, ಅಂದರೆ ಪೈಲೋರಿಗೆಂದು ಹಿಂದೆ ಚಿಕಿತ್ಸೆಯನ್ನೇ ಪಡೆಯದವರ ಹೊಟ್ಟೆಯಲ್ಲಿ ಮೊದಲೇ ಇದ್ದದ್ದು. ಜಗತ್ತಿನ ಚಿತ್ರವೂ ಇದಕ್ಕಿಂತ ತೀರಾ ಬೇರೆಯಲ್ಲ. 65 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ಒಂದು ವಿಶ್ಲೇಷಣೆಯಲ್ಲಿ, ಬಹುತೇಕ ಎಲ್ಲ ಪ್ರದೇಶಗಳಲ್ಲೂ ಈ ಮೂರು ಔಷಧಗಳಿಗೆ ನಿರೋಧಕತೆ ಶೇ. 15 ದಾಟಿತ್ತು. ಅದಕ್ಕೆ ಒಂದು ವರ್ಷ ಮೊದಲು, 2017ರಲ್ಲಿ, ಹೊಸ ಔಷಧ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮಾಡಿದಾಗ ಕ್ಲಾರಿಥ್ರೊಮೈಸಿನ್ ನಿರೋಧಕ ಪೈಲೋರಿಗೂ ಅದರಲ್ಲಿ ಜಾಗ ಸಿಕ್ಕಿತ್ತು.

ಈ ಅಂಕಿಗಳನ್ನು ಪ್ರಶ್ನಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಇಂಥ ಅಧ್ಯಯನಗಳು ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಅಲ್ಲಿಗೆ ಬರುವವರು ಊರಿನ ವೈದ್ಯರಿಂದ ಹಲವು ಬಗೆಯ ಔಷಧ ತಿಂದು ಬೇಸತ್ತವರು. ಮಾದರಿಗಳ ಸಂಖ್ಯೆ ನೂರು ಇನ್ನೂರರ ಆಸುಪಾಸು. ಅದೂ ಅಲ್ಲದೆ 2018ರ ಅದೇ ವಿಶ್ಲೇಷಣೆಯಲ್ಲಿ ಭಾರತವೂ ಸೇರಿದ ಆಗ್ನೇಯ ಏಷ್ಯಾ ಪ್ರದೇಶದಲ್ಲಿ ಕ್ಲಾರಿಥ್ರೊಮೈಸಿನ್‌ಗೆ ಪ್ರಾಥಮಿಕ ನಿರೋಧಕತೆ ಸುಮಾರು ಶೇ. 10 ಮಾತ್ರ ಇತ್ತು. ಹಾಗಿದ್ದರೆ ಗಾಬರಿ ಏಕೆ ಎಂದು ಕೇಳಬಹುದು. ಹಲವು ದೇಶಗಳ ಸರಾಸರಿ ಒಬ್ಬ ರೋಗಿಯ ಹೊಟ್ಟೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಕಡೆ ಶೇ. 10, ಇನ್ನೊಂದು ಕಡೆ ಶೇ. 44.7 ಬರುತ್ತಿರುವುದೇ ಊಹೆಯ ಚಿಕಿತ್ಸೆಯ ಅಪಾಯಕ್ಕೆ ಸಾಕ್ಷಿ. ಅಂತರರಾಷ್ಟ್ರೀಯ ತಜ್ಞರು ಇಟ್ಟ ಗೆರೆ ಶೇ. 15. ಒಂದು ಪ್ರದೇಶದಲ್ಲಿ ಕ್ಲಾರಿಥ್ರೊಮೈಸಿನ್ ನಿರೋಧಕತೆ ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಎಷ್ಟಿದೆ ಎಂದು ತಿಳಿಯದಿದ್ದರೆ, ಪರೀಕ್ಷೆ ಮಾಡದೆ ಅದರ ತ್ರಿವಳಿಯನ್ನು ಕೊಡಬಾರದು. ಆಸ್ಪತ್ರೆಯ ಅಂಕಿಗಳನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿದರೂ ನಮ್ಮ ದೇಶದ ಅನೇಕ ಊರುಗಳು ಆ ಗೆರೆಯ ಆಚೆಗೇ ನಿಲ್ಲುತ್ತವೆ.

ಪೈಲೋರಿಗೆ ಔಷಧವನ್ನೇ ತಿನ್ನದವರಲ್ಲಿ ಈ ನಿರೋಧಕತೆ ಎಲ್ಲಿಂದ ಬಂತು? ಬೇರೆ ಕಾಯಿಲೆಗಳಿಗೆ ತಿಂದ ಔಷಧದಿಂದ. ಭೇದಿ, ಆಮಶಂಕೆ, ಒಸಡಿನ ಬಾವು, ಸ್ತ್ರೀರೋಗದ ಸೋಂಕು, ಎಲ್ಲಕ್ಕೂ ಮೆಟ್ರೊನಿಡಜೋಲ್ ಅಥವಾ ಅದರ ಬಳಗದ ಟಿನಿಡಜೋಲ್, ಆರ್ನಿಡಜೋಲ್ ದಶಕಗಳಿಂದ ಬಳಕೆಯಲ್ಲಿವೆ. ನೆಗಡಿ, ಕೆಮ್ಮು, ಗಂಟಲು ಕೆರೆತಕ್ಕೆ ಕೇಳುವ ಮೊದಲೇ ಕೈಗೆ ಬರುವ ಅಜಿಥ್ರೊಮೈಸಿನ್ ಕ್ಲಾರಿಥ್ರೊಮೈಸಿನ್‌ನ ಹತ್ತಿರದ ಬಂಧು. ಒಂದಕ್ಕೆ ಹುಟ್ಟಿದ ನಿರೋಧಕತೆ ಇನ್ನೊಂದಕ್ಕೂ ಅನ್ವಯಿಸುತ್ತದೆ. ಹೊಟ್ಟೆ ಕೆಟ್ಟಿದೆ ಎಂದಾಗ ಮೆಡಿಕಲ್ ಶಾಪಿನಲ್ಲಿ ಕೊಡುವ ಸ್ಟ್ರಿಪ್ಪನ್ನು ತಿರುಗಿಸಿ ಓದಿ. ಎಷ್ಟೋ ಬಾರಿ ಅದು ಓಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಒಂದೇ ಮಾತ್ರೆಯಲ್ಲಿ ಬೆರೆತ ಜೋಡಿ. ಎರಡು ದಿನದ ಸಾದಾ ಭೇದಿಗೆ ನೀರು ಮತ್ತು ಓಆರ್‌ಎಸ್ ಸಾಕಾಗುವ ಕಡೆ ಈ ಒಂದು ಮಾತ್ರೆ, ಪೈಲೋರಿಯ ವಿರುದ್ಧ ನಮ್ಮಲ್ಲಿರುವ ಎರಡು ಔಷಧ ಬಳಗಗಳನ್ನು ಒಟ್ಟಿಗೇ ಮೊಂಡು ಮಾಡುತ್ತದೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಈ ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ನಡೆಸಿತ್ತು. ಹಿಂದೆಂದೋ ಜ್ವರಕ್ಕೂ ಭೇದಿಗೂ ತಿಂದ ಮಾತ್ರೆಗಳೇ ಇಂದಿನ ಗ್ಯಾಸ್ಟ್ರಿಕ್ ಚಿಕಿತ್ಸೆಯ ಗೆಲುವು ಸೋಲನ್ನು ತೀರ್ಮಾನಿಸುತ್ತಿವೆ.

ಪರೀಕ್ಷೆ ಯಾರಿಗೆ, ಯಾವುದು

ಅಜೀರ್ಣ ಇರುವ ಎಲ್ಲರಿಗೂ ಒಂದೇ ದಾರಿಯಲ್ಲ. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿಲ್ಲದ ವಾಂತಿ, ರಕ್ತವಾಂತಿ, ಟಾರಿನಂಥ ಕಪ್ಪು ಮಲ, ರಕ್ತಹೀನತೆ, ಹತ್ತಿರದ ರಕ್ತಸಂಬಂಧಿಗಳಲ್ಲಿ ಜಠರದ ಕ್ಯಾನ್ಸರ್, ಇವುಗಳಲ್ಲಿ ಯಾವುದಿದ್ದರೂ ನೇರವಾಗಿ ಎಂಡೋಸ್ಕೋಪಿ ಮಾಡಿಸಬೇಕು. ನಡುವಯಸ್ಸು ದಾಟಿದವರಿಗೆ ಹೊಸದಾಗಿ ಅಜೀರ್ಣ ಶುರುವಾದರೂ ಇದೇ ದಾರಿ. ಬೆವರು, ಉಸಿರುಕಟ್ಟು, ತೋಳಿಗೋ ದವಡೆಗೋ ಹರಡುವ ಎದೆನೋವು ಇದ್ದರೆ ಅದನ್ನು ಗ್ಯಾಸ್ ಎನ್ನದೆ ಮೊದಲು ಇಸಿಜಿ ಮಾಡಿಸಬೇಕು. ಕೀಲುನೋವಿಗೆ ಡೈಕ್ಲೊಫೆನಾಕ್, ಹೃದಯಕ್ಕೆ ಆಸ್ಪಿರಿನ್ ತಿನ್ನುವವರು ಅದನ್ನು ವೈದ್ಯರಿಗೆ ಹೇಳಬೇಕು, ಏಕೆಂದರೆ ಆ ಮಾತ್ರೆಗಳೇ ಹುಣ್ಣು ತರಬಲ್ಲವು. ಅಪಾಯದ ಲಕ್ಷಣಗಳಿಲ್ಲದ, ವಯಸ್ಸು ಚಿಕ್ಕದಾದ, ಆದರೆ ವಾರಗಟ್ಟಲೆ ಅಜೀರ್ಣ ಬಿಡದವರು ಎಂಡೋಸ್ಕೋಪಿ ಇಲ್ಲದೆಯೇ ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಮಕ್ಕಳ ಸಾಮಾನ್ಯ ಹೊಟ್ಟೆನೋವಿಗೆ ಈ ಪರೀಕ್ಷೆ ವಾಡಿಕೆಯಾಗಬಾರದು. ಅದನ್ನು ಮಕ್ಕಳ ತಜ್ಞರೇ ನಿರ್ಧರಿಸಬೇಕು.

ಪರೀಕ್ಷೆಗಳಲ್ಲಿ ಮೇಲು ಕೀಳುಗಳಿವೆ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಸುಲಭ. ಆದರೆ ಸೋಂಕು ಹೋಗಿ ಎಷ್ಟೋ ಕಾಲವಾದ ಮೇಲೂ ಪ್ರತಿಕಾಯ ಉಳಿಯುವುದರಿಂದ, ಸೋಂಕು ಈಗ ಇದೆಯೇ ಎಂಬುದಕ್ಕೆ ಅದು ಉತ್ತರವಾಗದು. ಚಿಕಿತ್ಸೆ ಗೆದ್ದಿತೇ ಎಂದು ತಿಳಿಯಲು ಅದರಿಂದ ಪ್ರಯೋಜನವೇ ಇಲ್ಲ. ಉಸಿರಿನ ಪರೀಕ್ಷೆಯಲ್ಲಿ ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಸುತ್ತಾರೆ. ಜಠರದಲ್ಲಿ ಪೈಲೋರಿ ಇದ್ದರೆ ಅದರ ಯೂರಿಯೇಸ್ ಆ ಯೂರಿಯಾವನ್ನು ಒಡೆಯುತ್ತದೆ, ಗುರುತಿನ ಇಂಗಾಲ ಸ್ವಲ್ಪ ಹೊತ್ತಿನಲ್ಲೇ ಉಸಿರಿನಲ್ಲಿ ಕಾಣಿಸುತ್ತದೆ. ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವ ಪರೀಕ್ಷೆಯೂ ಇಷ್ಟೇ ನಂಬಿಕೆಯದು. ಎಂಡೋಸ್ಕೋಪಿ ಮಾಡುವುದಾದರೆ ಜಠರದ ಗೋಡೆಯ ಅಕ್ಕಿಕಾಳಿಗಿಂತ ಚಿಕ್ಕ ಚೂರನ್ನು ಕಿತ್ತು ಯೂರಿಯಾ ಇರುವ ಹಳದಿ ದ್ರಾವಣಕ್ಕೆ ಹಾಕುತ್ತಾರೆ. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಸೋಂಕು ಇದೆ ಎಂದರ್ಥ. ರಕ್ತದ ಪರೀಕ್ಷೆಯನ್ನು ಬಿಟ್ಟು ಉಳಿದ ಎಲ್ಲ ಪರೀಕ್ಷೆಗಳಿಗೂ ಒಂದು ಷರತ್ತಿದೆ. ಪ್ಯಾಂಟೊಪ್ರಜೋಲ್ ಬಳಗದ ಮಾತ್ರೆಗಳನ್ನು ಎರಡು ವಾರ ಮೊದಲೇ, ಆಂಟಿಬಯಾಟಿಕ್ ಮತ್ತು ಬಿಸ್ಮತ್ ಅನ್ನು ನಾಲ್ಕು ವಾರ ಮೊದಲೇ ವೈದ್ಯರನ್ನು ಕೇಳಿ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ, ಪರೀಕ್ಷೆಯ ಕಣ್ಣಿಗೆ ಬೀಳದಷ್ಟು ತಗ್ಗಿರುತ್ತದೆ, ವರದಿ ಸುಳ್ಳಾಗಿ ನೆಗೆಟಿವ್ ಬರುತ್ತದೆ. ದಿನವೂ ಗ್ಯಾಸ್ ಮಾತ್ರೆ ನುಂಗುವ ನಮ್ಮ ರೂಢಿಯಲ್ಲಿ ಬಹಳಷ್ಟು ವರದಿಗಳು ಎಡವುವುದು ಇಲ್ಲೇ.

ಹದಿನಾಲ್ಕು ದಿನದ ಚಿಕಿತ್ಸೆ

ವರದಿ ಪಾಸಿಟಿವ್ ಬಂದ ಮೇಲೆ ಔಷಧ ಆರಿಸುವುದು ವೈದ್ಯರ ಕೆಲಸ. ಆದರೆ ಅವರಿಗೆ ಬೇಕಾದ ಅತಿಮುಖ್ಯ ಮಾಹಿತಿ ರೋಗಿಯ ಮನೆಯ ಕಪಾಟಿನಲ್ಲಿರುತ್ತದೆ: ಹಳೆಯ ಚೀಟಿಗಳು. ಕೆಮ್ಮಿಗೆ ಪದೇಪದೇ ಅಜಿಥ್ರೊಮೈಸಿನ್ ತಿಂದವರಿಗೆ ಕ್ಲಾರಿಥ್ರೊಮೈಸಿನ್ ಕೊಡುವುದು ವ್ಯರ್ಥವಾಗುವ ಸಾಧ್ಯತೆ ಹೆಚ್ಚು. ಮೂತ್ರದ ಸೋಂಕಿಗೋ ಭೇದಿಗೋ ಓಫ್ಲಾಕ್ಸಾಸಿನ್ ಬಳಗದ ಮಾತ್ರೆ ತಿಂದವರಿಗೆ ಲೆವೊಫ್ಲಾಕ್ಸಾಸಿನ್ ಕೂಡ ಹಾಗೆಯೇ. ಲೆವೊಫ್ಲಾಕ್ಸಾಸಿನ್, ಸಾಮಾನ್ಯ ಮದ್ದಿಗೆ ಜಗ್ಗದ ಕ್ಷಯದ ಚಿಕಿತ್ಸೆಗೂ ಬೇಕಾದ ಔಷಧವಾದ್ದರಿಂದ ಅದನ್ನು ಸುಮ್ಮನೆ ಖರ್ಚು ಮಾಡಬಾರದು ಎಂಬ ಕಾಳಜಿ ನಮ್ಮ ದೇಶದಲ್ಲಿ ಇನ್ನೂ ಹೆಚ್ಚಿರಬೇಕು. ಯಾವ ಔಷಧ ನಾಟುತ್ತದೆ ಎಂದು ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ವ್ಯವಸ್ಥೆ ಕೆಲವೇ ದೊಡ್ಡ ಕೇಂದ್ರಗಳಲ್ಲಿದೆ. ಅದಿಲ್ಲದ ಕಡೆ, ನಿರೋಧಕತೆ ಕಡಿಮೆ ಇರುವ ಔಷಧಗಳಿಂದಲೇ ಮೊದಲ ಚಿಕಿತ್ಸೆ ಕಟ್ಟಬೇಕೆಂಬುದು ಈಗಿನ ಒಮ್ಮತ. ಯುರೋಪಿನ ತಜ್ಞರ 2022ರ ಒಮ್ಮತವೂ ಅಮೆರಿಕದ 2024ರ ಮಾರ್ಗಸೂಚಿಯೂ ಬಿಸ್ಮತ್ ಚತುಷ್ಕವನ್ನೇ ಮೊದಲಿಗೆ ಇಡುತ್ತವೆ. ಅದರಲ್ಲಿ ಆಮ್ಲ ತಗ್ಗಿಸುವ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಎಂಬ ನಾಲ್ಕಿವೆ, ಅವಧಿ 14 ದಿನ. ಮೆಟ್ರೊನಿಡಜೋಲ್‌ಗೆ ನಿರೋಧಕತೆ ಹೆಚ್ಚಿದ್ದರೂ ಇದು ಗೆಲ್ಲುವುದು ಪೂರ್ಣ ಪ್ರಮಾಣ, ಪೂರ್ಣ ಅವಧಿ ಮತ್ತು ಬಿಸ್ಮತ್‌ನ ಬಲದಿಂದ.

ಈ ಹದಿನಾಲ್ಕು ದಿನ ಸುಲಭದ್ದಲ್ಲ, ಅದನ್ನು ಮೊದಲೇ ತಿಳಿದಿರಬೇಕು. ದಿನಕ್ಕೆ ನಾಲ್ಕು ಹೊತ್ತು ಮಾತ್ರೆ. ಬಾಯಲ್ಲಿ ಲೋಹದ ರುಚಿ, ವಾಕರಿಕೆ, ಸ್ವಲ್ಪ ಭೇದಿ ಆಗಬಹುದು. ಬಿಸ್ಮತ್‌ನಿಂದ ನಾಲಗೆ ಮತ್ತು ಮಲ ಕಪ್ಪಾಗುತ್ತದೆ, ಅದು ನಿರಪಾಯ. ಆದರೆ ತಲೆಸುತ್ತು, ನಿಶ್ಶಕ್ತಿಯ ಜೊತೆ ಟಾರಿನಂತೆ ಅಂಟಂಟಾದ ಮಲ ಕಂಡರೆ ರಕ್ತಸ್ರಾವ ಇರಬಹುದೆಂದು ಕೂಡಲೇ ವೈದ್ಯರಿಗೆ ತೋರಿಸಬೇಕು. ಆಮ್ಲದ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕು, ಊಟದ ನಂತರವಲ್ಲ. ಟೆಟ್ರಾಸೈಕ್ಲಿನ್ ಅನ್ನು ಹಾಲು, ಮೊಸರು, ಕಬ್ಬಿಣದ ಮಾತ್ರೆಗಳ ಜೊತೆ ಸೇವಿಸಿದರೆ ಅದು ಮೈಗೆ ಹತ್ತುವುದಿಲ್ಲ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದು ಕೂಡದು. ಮೆಟ್ರೊನಿಡಜೋಲ್ ತಿನ್ನುವಾಗ ಮದ್ಯ ಮುಟ್ಟಬಾರದು. ಪೆನಿಸಿಲಿನ್ ಅಲರ್ಜಿ ಇದ್ದರೆ ಹೇಳಿಬಿಡಬೇಕು. ಟೆಟ್ರಾಸೈಕ್ಲಿನ್ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಸಿಗಲಿಲ್ಲವೆಂದು ಅಂಗಡಿಯವರು ಬೇರೇನಾದರೂ ಕೊಟ್ಟರೆ ಒಪ್ಪಬಾರದು. ಹೆಸರಿನಲ್ಲಿ ಹತ್ತಿರವಾದ ಡಾಕ್ಸಿಸೈಕ್ಲಿನ್ ಕೂಡ ಈ ಸೋಂಕಿನಲ್ಲಿ ಅದಕ್ಕೆ ಸಾಟಿಯಲ್ಲ. ಹದಿನಾಲ್ಕು ದಿನದ ಅಷ್ಟೂ ಮಾತ್ರೆ ಕೈಯಲ್ಲಿದ್ದ ಮೇಲೆಯೇ ಶುರುಮಾಡುವುದು ಜಾಣತನ. ಮದುವೆ, ಜಾತ್ರೆ, ಪ್ರಯಾಣ ಎದುರಿಗಿದ್ದರೆ ಒಂದು ವಾರ ತಡವಾಗಿ ಶುರುಮಾಡಿದರೂ ನಷ್ಟವಿಲ್ಲ. ಐದನೆಯ ದಿನಕ್ಕೆ ಬಿಟ್ಟರೆ ನಷ್ಟವುಂಟು.

ಚಿಕಿತ್ಸೆ ಮುಗಿದ ಮೇಲಿನ ಪರೀಕ್ಷೆಯನ್ನು ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಉರಿ ಹೋಯಿತು, ಇನ್ನೇಕೆ ಎಂಬ ಭಾವನೆ. ಲಕ್ಷಣ ಹೋದದ್ದು ಸೋಂಕು ಹೋದದ್ದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಚಿಕಿತ್ಸೆಯಲ್ಲಿದ್ದ ಆಮ್ಲದ ಮಾತ್ರೆಯೂ ಉರಿಯನ್ನು ತಗ್ಗಿಸಿರುತ್ತದೆ. ಸೋಂಕು ಹೋದ ಮೇಲೂ ಕೆಲವರಿಗೆ ಅಜೀರ್ಣ ಉಳಿಯಬಹುದು. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ, ಆಮ್ಲದ ಮಾತ್ರೆ ಬಿಟ್ಟು ಎರಡು ವಾರವಾಗಿರುವಾಗ, ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ನೆಗೆಟಿವ್ ಬಂದರೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಪಾಸಿಟಿವ್ ಬಂದರೆ ಮೊದಲು ಬಳಸಿದ ಔಷಧವನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು, ಸಾಧ್ಯವಿದ್ದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕೇಂದ್ರಕ್ಕೆ ಹೋಗಬೇಕು.

ಎದುರುವಾದಗಳು

ಅರ್ಧದಷ್ಟು ಜನರಿಗೆ ಇರುವ ಸೋಂಕನ್ನು ಹುಡುಕಿ ಹುಡುಕಿ ಕೊಲ್ಲುವುದೇ ಆಂಟಿಬಯಾಟಿಕ್ ದುಂದಲ್ಲವೇ, ನಿರೋಧಕತೆಯನ್ನು ಇನ್ನಷ್ಟು ಬೆಳೆಸಿದಂತಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಹುಣ್ಣಿಲ್ಲದ ಅಜೀರ್ಣದಲ್ಲಿ ಪೈಲೋರಿ ತೆಗೆದರೆ ಎಷ್ಟು ಜನರಿಗೆ ಲಾಭ ಎಂದು ಲೆಕ್ಕ ಹಾಕಿದ ವಿಶ್ಲೇಷಣೆಗಳಲ್ಲಿ, ಸುಮಾರು 14 ಜನರಿಗೆ ಚಿಕಿತ್ಸೆ ಕೊಟ್ಟರೆ ಅದರಿಂದಾಗಿ ಹೆಚ್ಚುವರಿಯಾಗಿ ಒಬ್ಬರ ಅಜೀರ್ಣ ಪೂರ್ತಿ ಹೋಗುತ್ತದೆ ಎಂದು ಕಂಡಿದೆ. ಇದು ದೊಡ್ಡ ಲಾಭವಲ್ಲ, ಹಾಗೆಂದು ಬಣ್ಣಿಸಬಾರದು. ಪೈಲೋರಿ ಸೋಂಕು ವ್ಯಾಪಕವಾಗಿದ್ದರೂ ದೇಶದ ಹೆಚ್ಚಿನ ಭಾಗದಲ್ಲಿ ಜಠರದ ಕ್ಯಾನ್ಸರ್ ಕಡಿಮೆ, ಮಿಜೋರಾಂನಂಥ ಕಡೆ ಮಾತ್ರ ಬಹಳ ಹೆಚ್ಚು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಉರುಳಿಸುವುದಿಲ್ಲ. ಲಕ್ಷಣವಿಲ್ಲದ ಎಲ್ಲರನ್ನೂ ಪರೀಕ್ಷಿಸಬೇಕೆಂದು ಇಲ್ಲಿ ಹೇಳುತ್ತಿಲ್ಲ. ಹುಣ್ಣಿರುವವರಿಗೆ ಲಾಭ ಅತಿ ಸ್ಪಷ್ಟ, ಸೋಂಕು ಹೋದರೆ ಹುಣ್ಣು ಮರಳುವುದು ಅಪರೂಪ. ಬಿಡದ ಅಜೀರ್ಣ ಇರುವವರಲ್ಲಿ ಲಾಭ ಚಿಕ್ಕದಾದರೂ ಅದು ವರ್ಷಗಟ್ಟಲೆ ಮಾತ್ರೆ ನುಂಗುವುದನ್ನು ತಪ್ಪಿಸಬಲ್ಲದು, ಜೊತೆಗೆ ಹುಣ್ಣು ಮತ್ತು ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತದೆ. ಲಾಭ ಚಿಕ್ಕದಿರುವ ಕಡೆ ಸೋಲುವ ಚಿಕಿತ್ಸೆ ಕೊಡುವುದು ಎರಡರಷ್ಟು ತಪ್ಪು, ಏಕೆಂದರೆ ರೋಗಿಗೆ ಗುಣವೂ ಇಲ್ಲ, ಊರಿಗೆ ನಿರೋಧಕ ಬ್ಯಾಕ್ಟೀರಿಯಾ ಉಡುಗೊರೆ.

ಎರಡನೆಯ ಆಕ್ಷೇಪ ಖರ್ಚಿನದು. ಎರಡು ಪರೀಕ್ಷೆಗೆ ಹಣ ಹಾಕುವ ಬದಲು ಒಂದು ಕೋರ್ಸ್ ಮಾತ್ರೆ ತಿಂದು ನೋಡಿದರಾಗದೇ? ಸೋಂಕೇ ಇಲ್ಲದವರು ಹೀಗೆ ಮಾಡಿದರೆ ಎರಡು ವಾರದ ಆಂಟಿಬಯಾಟಿಕ್ ಪೂರ್ತಿ ವ್ಯರ್ಥ. ಅಷ್ಟರಲ್ಲಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ನಾಶವಾಗಿರುತ್ತವೆ. ಸೋಂಕಿದ್ದು ತಪ್ಪು ಔಷಧ ತಿಂದರೆ ಎರಡನೆಯ ಕೋರ್ಸ್, ಮೂರನೆಯ ಕೋರ್ಸ್, ಕೊನೆಗೆ ಎಂಡೋಸ್ಕೋಪಿ. ಒಂದು ಉಸಿರಿನ ಪರೀಕ್ಷೆಗಿಂತ ಇವೆಲ್ಲ ಸೇರಿದರೆ ದುಬಾರಿ. ಹಣ ನಿಜವಾಗಿಯೂ ಕಡಿಮೆ ಇದ್ದರೆ ಮಲದ ಪರೀಕ್ಷೆ ಕೆಲವು ಕಡೆ ಅಗ್ಗ. ಇನ್ನು ಜೀರಿಗೆ ಕಷಾಯ, ಓಮದ ನೀರು, ಶುಂಠಿ, ಮಜ್ಜಿಗೆಯಿಂದ ಹೊಟ್ಟೆ ಹಗುರಾಗುವುದು ಅನೇಕರ ಅನುಭವ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಇವುಗಳಿಂದ ಜಠರದ ಪೈಲೋರಿ ಸೋಂಕು ನಿರ್ಮೂಲವಾದದ್ದಕ್ಕೆ ನಂಬಬಹುದಾದ ಪುರಾವೆಯಿಲ್ಲ. ಅಜೀರ್ಣ ಕಾಡಿದಾಗ ಕುಡಿಯಿರಿ, ಪರೀಕ್ಷೆಯ ಬದಲು ಕುಡಿಯಬೇಡಿ.

ಕೊನೆಯ ಮಾತು ರೋಗಿಗಿಂತ ಹೆಚ್ಚಾಗಿ ವ್ಯವಸ್ಥೆಗೆ ಸೇರಿದ್ದು. ಪ್ರತಿ ಜಿಲ್ಲೆಯಲ್ಲೂ ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗಾಲಯ ಬೇಗ ಬರಲಾರದು. ಆದರೆ ಚಿಕಿತ್ಸೆಯ ನಂತರದ ಒಂದೊಂದು ಪರೀಕ್ಷೆಯೂ ಆ ಊರಿನಲ್ಲಿ ಯಾವ ಔಷಧ ಗೆಲ್ಲುತ್ತಿದೆ, ಯಾವುದು ಸೋಲುತ್ತಿದೆ ಎಂಬ ಲೆಕ್ಕವನ್ನು ತಾನಾಗಿ ಕೊಡುತ್ತದೆ. ಯುರೋಪಿನ ದೇಶಗಳ ವೈದ್ಯರು 2013ರಿಂದ ಇಂಥ ಫಲಿತಾಂಶಗಳನ್ನು ಒಂದೇ ದಾಖಲೆಗೆ ಸೇರಿಸುತ್ತ ಬಂದಿದ್ದಾರೆ, ಅದರ ಆಧಾರದ ಮೇಲೆ ಔಷಧದ ಆಯ್ಕೆಯನ್ನು ತಿದ್ದಿಕೊಂಡಿದ್ದಾರೆ. ನಮ್ಮ ವೈದ್ಯಕೀಯ ಕಾಲೇಜುಗಳೂ ಜಿಲ್ಲಾ ಆಸ್ಪತ್ರೆಗಳೂ ಇದನ್ನು ಮಾಡಲು ಹೊಸ ಯಂತ್ರ ಬೇಕಿಲ್ಲ, ನೂರು ರೋಗಿಗಳಲ್ಲಿ ಎಷ್ಟು ಜನ ಗುಣವಾದರು ಎಂದು ಬರೆದಿಡುವ ಶಿಸ್ತು ಬೇಕು. ರೋಗಿಯ ಕಡೆಯಿಂದ ಆಗಬೇಕಾದದ್ದು ನಾಲ್ಕೇ ಕೆಲಸ: ಪರೀಕ್ಷೆಯಿಲ್ಲದೆ ಪೈಲೋರಿ ಮಾತ್ರೆ ಶುರುಮಾಡದಿರುವುದು, ಹಳೆಯ ಚೀಟಿಗಳನ್ನು ಒಯ್ದು ತೋರಿಸುವುದು, ಹದಿನಾಲ್ಕು ದಿನವೂ ತಪ್ಪದೆ ನುಂಗುವುದು, ಚಿಕಿತ್ಸೆ ಮುಗಿದು ನಾಲ್ಕು ವಾರವಾದ ಮೇಲೆ ಮತ್ತೆ ಹೋಗಿ ಡಾಕ್ಟ್ರೇ, ಸೋಂಕು ಹೋಗಿದೆಯೇ ನೋಡಿ ಎಂದು ಕೇಳುವುದು. ಆ ಕೊನೆಯ ಪ್ರಶ್ನೆಯನ್ನು ಕೇಳುವ ರೋಗಿಗಳು ಹೆಚ್ಚಿದಷ್ಟೂ ಸೋಲುವ ಔಷಧ ಬರೆಯುವುದು ಕಷ್ಟವಾಗುತ್ತದೆ.